ಇಬ್ತಿಹಾಲಳ ಹಡಗಿನ ಪುಸ್ತಕ

ಪೋರ್ಟ್ ಸೈದ್‌ನಲ್ಲಿ ಜನರನ್ನು ಕಾಲುವೆ ದಾಟಿಸುವ ದೊಡ್ಡ ದೋಣಿಯಲ್ಲಿ ಹಗ್ಗ ಕಟ್ಟುವ ಕೆಲಸ ಮಿತ್ವಲ್ಲಿಯದು. ಅವನಿಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುತ್ತಿರಲಿಲ್ಲ. ಯುದ್ಧಕಾಲದಲ್ಲಿ ಊರು ಬಿಟ್ಟು, ಯಾವುದೋ ಹಳ್ಳಿಯ ಶಾಲೆಯ ಕೋಣೆಯಲ್ಲಿ ಐದು ವರ್ಷ ಸಂಸಾರ ಮಾಡಿ ವಾಪಸ್ ಬಂದರೆ, ಮನೆಯ ಬಾಗಿಲನ್ನೇ ಯಾರೋ ಕಿತ್ತೊಯ್ದಿದ್ದರು. ಅಂದಿನಿಂದ ಅವನು ಹಾಲಿನವನ ಅಳತೆಯನ್ನೂ ಎರಡೆರಡು ಸಲ ನೋಡುತ್ತಿದ್ದ.

ಯುದ್ಧದಿಂದ ಮುಚ್ಚಿದ್ದ ಹಡಗು ಕಾಲುವೆ ಮತ್ತೆ ತೆರೆದ ಮರುವರ್ಷ ಒಂದು ದಿನ, ಹೆಂಡತಿ ಸಬಾಹ್ ಹಾಸಿಗೆ ಕೊಡವುವಾಗ ಮಗಳ ದಿಂಬಿನೊಳಗಿಂದ ಒಂದು ನೋಟ್‌ಬುಕ್ ಬಿತ್ತು. ಹದಿಮೂರರ ಇಬ್ತಿಹಾಲ್ ಪುಟಪುಟಕ್ಕೂ ಗೆರೆ ಎಳೆದು ಬರೆದಿದ್ದಳು: ಹಡಗಿನ ಹೆಸರು, ಬಾವುಟ, ಹೊಗೆಕೊಳವೆಯ ಬಣ್ಣ, ದಾಟಿದ ಹೊತ್ತು. ಪ್ರೇಮಪತ್ರವಾಗಿದ್ದರೆ ನಾಲ್ಕು ಬೈದು ಮುಗಿಸುತ್ತಿದ್ದ. ಇದನ್ನು ನೋಡಿ ಮಿತ್ವಲ್ಲಿ ಎದ್ದು ಹೋಗಿ ಬೀದಿ ಬಾಗಿಲ ಚಿಲಕ ಹಾಕಿದ. ಗೂಢಚಾರರಿದ್ದಾರೆ, ಎಚ್ಚರ ಎಂಬ ಯುದ್ಧಕಾಲದ ಭಿತ್ತಿಪತ್ರಗಳು ಬಂದರಿನ ಗೋಡೆಗಳಿಂದ ಇನ್ನೂ ಪೂರ್ತಿ ಉದುರಿರಲಿಲ್ಲ. ಇದನ್ನು ಬರೆಸುತ್ತಿರುವವರು ಯಾರು?

ಪುಸ್ತಕವನ್ನು ಇದ್ದಲ್ಲೇ ಇಡಿಸಿ, ಮರುದಿನ ಶಾಲೆ ಬಿಡುವ ಹೊತ್ತಿಗೆ ಅವಳ ಹಿಂದೆ ಹೋದ. ಅವಳು ದಡದ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದಳು. ಉಪ್ಪುನೀರಲ್ಲಿ ನೆನೆಸಿದ ಕಾಳು ಮಾರುವ ಹಸನೈನ್ ಬಗ್ಗಿ ಅವಳಿಗೆ ಏನೋ ಹೇಳಿದ. ಸಿಕ್ಕಿಬಿದ್ದ ಕಳ್ಳ ಅಂದುಕೊಂಡ ಮಿತ್ವಲ್ಲಿ. ಮಗಳು ಎದ್ದು ಹೋದ ಮೇಲೆ ಒಂದು ಪೊಟ್ಟಣ ಕಾಳು ಕೊಳ್ಳುವ ನೆಪದಲ್ಲಿ ವಿಚಾರಿಸಿದ.

"ಯಾವ ದೇಶದ ಬಾವುಟ ಅಂತ ಕೇಳ್ತಾಳೆ. ನಂಗೇನು ಗೊತ್ತು? ದೋಣಿಯಲ್ಲಿರೋ ನಿಮ್ಮಪ್ಪನ್ನ ಕೇಳಮ್ಮ ಅಂದೆ," ಅಂದ ಹಸನೈನ್. "ಅಪ್ಪ ಹೇಳಲ್ಲ, ಯಾಕೆ ಬೇಕು ಅಂತ ನನ್ನೇ ಕೇಳ್ತಾರೆ ಅಂದ್ಳು."

ಇದನ್ನೂ ಮಿತ್ವಲ್ಲಿ ನಂಬಲಿಲ್ಲ. ಮಗಳ ಬಾಯಿಂದಲೇ ಹೊರಡಿಸಬೇಕೆಂದು ಊಟಕ್ಕೆ ಕೂತಾಗಲೆಲ್ಲ ಮೆತ್ತಗಿನ ದನಿಯಲ್ಲಿ ಹಡಗಿನ ಮಾತು ತೆಗೆಯತೊಡಗಿದ. ಇಬ್ತಿಹಾಲ್ ರೊಟ್ಟಿ ಮುರಿಯುತ್ತ ಅವನ ಮುಖವನ್ನೇ ನೋಡುವಳು. ಎರಡನೇ ದಿನಕ್ಕೆ ನೋಟ್‌ಬುಕ್ ದಿಂಬಿನಿಂದ ಮಾಯವಾಯಿತು. ಅವನ ಅನುಮಾನ ಇನ್ನೂ ಗಟ್ಟಿಯಾಯಿತು. ಹತ್ತನೇ ದಿನ ಅವಳನ್ನು ಪರೀಕ್ಷಿಸಲು ಒಂದು ಸುಳ್ಳು ಹೇಳಿದ: ಈಚೆಗೆ ಹೋಗಿದ್ದ ಆ ನೀಲಿ ಹೊಗೆಕೊಳವೆಯ ಗ್ರೀಕ್ ಹಡಗು ಇವತ್ತು ಮತ್ತೆ ದಾಟಿತು.

"ಅದು ಮೊನ್ನೆ ತಾನೇ ದಕ್ಷಿಣಕ್ಕೆ ಹೋಯ್ತು. ಇಷ್ಟು ಬೇಗ ಹೇಗೆ ಬರತ್ತೆ?" ಅಂದಳು. ರೊಟ್ಟಿ ಕೆಳಗಿಟ್ಟಳು. "ಅಪ್ಪ, ನಾನು ಎಷ್ಟನೇ ಕ್ಲಾಸು ಅಂತ ನೀವು ಯಾವತ್ತೂ ಕೇಳಿದವರಲ್ಲ. ಈಗ ದಿನಾ ಹಡಗು ಹಡಗು ಅಂತೀರಿ. ನಿಮ್ಮ ಕೈಲಿ ಇದನ್ನ ಕೇಳಿಸ್ತಿರೋದು ಯಾರು?"

ಸಬಾಹ್ ತಲೆವಸ್ತ್ರದ ಅಂಚು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಮಿತ್ವಲ್ಲಿ ತಟ್ಟೆ ಪಕ್ಕಕ್ಕೆ ಸರಿಸಿದ. ಕೊನೆಗೆ, ತಾನು ಹೆದರಿದ್ದು ಏತಕ್ಕೆಂದು ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟ. ಇಬ್ತಿಹಾಲ್ ಕೆಳಗಿಟ್ಟ ರೊಟ್ಟಿಯನ್ನು ಮತ್ತೆ ಕೈಗೆತ್ತಿಕೊಂಡಳು. ಆಮೇಲೆ, ಹಳ್ಳಿಯಲ್ಲಿದ್ದಾಗ ಹಡಗು ಅಂದರೆ ಬರೀ ನಿಮ್ಮ ಬಾಯಿಮಾತಾಗಿತ್ತು, ಈಗ ಕಣ್ಣಿಗೆ ಕಂಡದ್ದನ್ನು ಬರೆದಿಡುತ್ತೇನೆ, ಅಷ್ಟೇ ಅಂದಳು.

ಶಾಲೆಗೆ ರಜೆಯಿದ್ದ ಶುಕ್ರವಾರ ಅವಳನ್ನು ದೋಣಿಯ ಮೇಲಟ್ಟಕ್ಕೆ ಕರೆದೊಯ್ದ. ಪುಸ್ತಕವನ್ನು ಕಂಕುಳಲ್ಲಿ ಒತ್ತಿ ಹಿಡಿದೇ ಬಂದಳು. ಬೂದು ಬಣ್ಣದ ಭಾರೀ ಹಡಗೊಂದು ಎದುರಿಗೆ ಬಂದಾಗ ತಡೆಯಲಾರದೆ ಬಿಚ್ಚಿದಳು. ಅದರ ಬಾವುಟ ಯಾವ ದೇಶದ್ದೆಂದು ಮಿತ್ವಲ್ಲಿ ಹೇಳಿದ, ಬರೆದುಕೊಂಡಳು. ಕೈಗಡಿಯಾರ ನೋಡಿ, ಹನ್ನೊಂದೂ ಹತ್ತು ಅಂದ.

ಇಬ್ತಿಹಾಲ್ ಅವನ ಮಣಿಕಟ್ಟನ್ನು ತನ್ನತ್ತ ತಿರುಗಿಸಿ, ಮುಳ್ಳು ನೋಡಿ, ಆಮೇಲೆ ಬರೆದಳು.