ಗುಂಡಿಯಲ್ಲಿದ್ದ ಪಿಕಾಸಿ

ಚಿನ್ನ ಅಗೆಯುವ ಆ ಬೆಟ್ಟದ ಬುಡದಲ್ಲಿ ಕಾಗದಪತ್ರಕ್ಕೆ ಮೂರು ಕಾಸಿನ ಬೆಲೆ ಇರಲಿಲ್ಲ. ಇದ್ದದ್ದು ಒಂದೇ ಕಟ್ಟಳೆ: ನಿನ್ನ ಹತ್ಯಾರ ಯಾವ ಗುಂಡಿಯಲ್ಲಿದೆಯೋ ಆ ಗುಂಡಿ ನಿನ್ನದು. ಊಟಕ್ಕೆ ಹೋಗು, ಜ್ವರ ಬಂದು ಮಲಗು, ಯಾರೂ ಮುಟ್ಟುವ ಹಾಗಿಲ್ಲ. ಹತ್ಯಾರ ಮೇಲೆ ಬಂತೋ, ಮುಗಿಯಿತು. ಮೊದಲು ತನ್ನದನ್ನು ಇಳಿಸಿದವನ ಪಾಲು.

ಸೋಪಕ್ಕನ ಗುಂಡಿಯಲ್ಲಿ ಗಂಡನ ಪಿಕಾಸಿ ಇತ್ತು. ಗಂಡ ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದ. ಬೆಳಿಗ್ಗೆ ಅಗೆಯುವವರ ಕೆಸರು ಬಟ್ಟೆ ಒಗೆದು, ಮಧ್ಯಾಹ್ನ ಅವಳೇ ಗುಂಡಿಗಿಳಿಯುತ್ತಿದ್ದಳು. "ಹೆಂಗಸಿಗೆ ಯಾಕಮ್ಮ ಈ ಉಸಾಬರಿ?" ಎಂದವರಿಗೆ, "ನಿಮ್ಮ ಚಡ್ಡಿ ಒಗೆಯೋದಕ್ಕಿಂತ ಇದೇ ವಾಸಿ ಕಣ್ರಪ್ಪ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಒಂದು ಸಂಜೆ ತಳದ ಮಣ್ಣನ್ನು ಬಾಣಲೆಯಲ್ಲಿ ಜಾಲಿಸಿದಾಗ ಹಳದಿ ಕಂಡಿತು. ಕಾಳು ಕಾಳಾಗಿ! ಬಾಯಿಗೆ ಕೈ ಒತ್ತಿಕೊಂಡು ಅತ್ತಳು. ಹೇಳಿದ್ದು ತಮ್ಮನಿಗೆ ಮಾತ್ರ. ತಾಯಿ ಸತ್ತ ಮೇಲೆ ಕಂಕುಳಲ್ಲಿ ಹೊತ್ತು ಸಾಕಿದವನು. ಒಡಹುಟ್ಟಿದವನಿಗೆ ಹೇಳದೆ ಇನ್ನಾರಿಗೆ ಹೇಳಬೇಕು?

ಮರುದಿನವೇ ಪಕ್ಕದ ಗುಂಡಿ ಕುಸಿಯಿತು. ಆಸರೆಯ ಮರ ಕೂರಿಸಲು ಇಳಿದಿದ್ದ ಬಡಗಿ ಮಣ್ಣಡಿ ಸಿಕ್ಕಿಬಿದ್ದ. ಎಲ್ಲರೂ ಕೈಗೆ ಸಿಕ್ಕಿದ್ದು ಹಿಡಿದು ಓಡಿದರು. ಸೋಪಕ್ಕನ ಬಳಿ ಇದ್ದದ್ದೇ ಅದೊಂದು ಪಿಕಾಸಿ. ಹಿಡಿ ಮುಟ್ಟಿ, ಎತ್ತಲೋ ಬೇಡವೋ ಎಂದು ನಿಂತಳು.

"ಹೋಗಕ್ಕಾ, ಪ್ರಾಣ ಹೋಗ್ತಿದೆ ಅಲ್ಲಿ! ಗುಂಡಿ ನಾನು ನೋಡ್ಕೋತೀನಿ," ಎಂದ ತಮ್ಮ.

ಚೆನ್ನಾಗಿಯೇ ನೋಡಿಕೊಂಡ, ಪುಣ್ಯಾತ್ಮ! ಬಡಗಿಯನ್ನು ಜೀವಸಹಿತ ಮೇಲೆತ್ತಿ, ಮೈಯೆಲ್ಲ ಮಣ್ಣಾಗಿ ಅವಳು ಹಿಂತಿರುಗಿದಾಗ ಗುಂಡಿಯಲ್ಲಿ ಅವನ ಸನಿಕೆ ನೆಟ್ಟಿತ್ತು. ಅದರ ಪಕ್ಕ ಅವನು.

"ತಮಾಷೆ ಸಾಕು, ಮೇಲೆ ಬಾರೋ."

"ತಮಾಷೆ ಅಲ್ಲಕ್ಕಾ. ಪಿಕಾಸಿ ತಗೊಂಡು ಹೋದವಳು ನೀನೇ. ಕಟ್ಟಳೆ ಅಂದ್ರೆ ಕಟ್ಟಳೆ."

ಹಾಲೆರೆದು ಹಾವು ಸಾಕಿದೆನಲ್ಲಾ ಎಂದು ಅವಳು ನ್ಯಾಯ ಕೇಳಲು ಹೊರಟಳು.

ದಿನಸಿ ಅಂಗಡಿಯ ಮುಂದೆ ಜನ ಸೇರಿದರು. ನ್ಯಾಯ ಹೇಳುವ ಮುದಿ ಮೇಸ್ತ್ರಿ ಬಡಗಿಯನ್ನೇ ಕೇಳಿದ, "ಈಯಮ್ಮನ ಪಿಕಾಸಿ ಗುಂಡಿಯಿಂದ ಹೊರಗೆ ಬಂದಿದ್ದು ಹೌದೇನಪ್ಪಾ?"

ಬಡಗಿ ಅಳುತ್ತಲೇ ಹೇಳಿದ: "ಸುಳ್ಳು ಹೇಗೆ ಹೇಳಲಿ ಸ್ವಾಮಿ? ನನ್ನನ್ನ ಅಗೆದು ತೆಗೆದಿದ್ದೇ ಆ ಪಿಕಾಸಿ."

ಗುಂಡಿ ತಮ್ಮನ ಪಾಲಾಯಿತು. ಅವಳು ಮಣ್ಣಿನಿಂದೆತ್ತಿದವನ ಬಾಯಿಂದಲೇ ಅವಳ ಬಾಯಿಗೆ ಮಣ್ಣು ಬಿತ್ತು. ಅಲ್ಲಿದ್ದ ಒಬ್ಬರೂ ತಲೆ ಎತ್ತಿ ಅವಳ ಮುಖ ನೋಡಲಿಲ್ಲ.

ಸಂಜೆ ತಮ್ಮ ಎಂದಿನಂತೆ ಊಟಕ್ಕೆ ಬಂದ. ನಾಚಿಕೆ ಅನ್ನುವುದು ಇದ್ದರೆ ತಾನೇ! "ಮುನಿಸ್ಕೋಬೇಡಕ್ಕಾ, ನಿನಗೂ ಪಾಲು ಕೊಡ್ತೀನಿ. ನಾನೇನು ಹೊರಗಿನವನಾ?"

ಸೋಪಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಆ ಗುಂಡಿಗೂ ಆಸರೆ ಮರ ಹಾಕಿಲ್ಲ ಕಣೋ. ನಾಳೆ ನಿನ್ನ ಮೇಲೆ ಕುಸಿದ್ರೆ ಯಾರನ್ನ ಬೇಕಾದ್ರೂ ಕೂಗು. ಅಕ್ಕಾ ಅಂತ ಮಾತ್ರ ಕೂಗ್ಬೇಡ."