ಟಾಪ್ ಗೇರ್ ಎಷ್ಟು ಸಲ?

ನನ್ನ ಹಳೆಯ ರ‍್ಯಾಲಿ ಕಾರಿನ ಹಿಂದಿನ ಆಕ್ಸಲ್ ಗೇರುಗಳು ಸವೆದು ಊಳಿಡುತ್ತಿದ್ದವು. ಬದಲಿಗೆ ಸಿಗುವುದು ಎರಡು ಬಗೆ: ಒಂದು ನೇರ ರಸ್ತೆಯ ಓಟಕ್ಕೆ, ಇನ್ನೊಂದು ಏರು ಹತ್ತುವ ಎಳೆತಕ್ಕೆ. ನಾನು ಓಟದ್ದೇ ಬೇಕೆಂದು ಹಟ ಹಿಡಿದೆ.

“ಮೊದ್ಲು ಸೊರಬಕ್ಕೆ ಹೋಗಿ ಬರ್ರಿ. ಟಾಪ್ ಗೇರ್ ಎಷ್ಟು ಸಲ ಹಾಕ್ತೀರಿ, ಎಣಿಸ್ರಿ,” ಎಂದರು ಶಿಕಾರಿಪುರದ ಮೆಕ್ಯಾನಿಕ್.

ದಾರಿಯುದ್ದಕ್ಕೂ ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ್ದರು. ಟಾಪ್ ಗೇರ್ ಬಿದ್ದದ್ದು ಒಂದೇ ಸಲ, ಅದೂ ಮೆಕ್ಯಾನಿಕ್‌ಗೆ ಹೇಳಲಿಕ್ಕೆ ಒಂದಾದರೂ ಇರಲೆಂದು. ವಾಪಸ್ ಬಂದು ಎಳೆತದ್ದನ್ನೇ ಹಾಕಿಸಿದೆ.

ಭಾನುವಾರ ಅಂಬ್ಲಿಗೊಳ ಡ್ಯಾಮಿನ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಕಾರು ಕರುವಿನಂತೆ ನೆಗೆಯಿತು. ಮದುವೆಯಾದಾಗಿನಿಂದ “ನಿಧಾನ ರೀ” ಎನ್ನುತ್ತಲೇ ಬಂದ ಹೆಂಡತಿ, ಮೇಲೆ ತಲುಪಿದಾಗ ಸೆರಗು ಸರಿಮಾಡಿಕೊಂಡು ಹಿಂದಕ್ಕೆ ತಿರುಗಿ ಇಳಿಜಾರನ್ನು ನೋಡಿದಳು.

“ಇನ್ನೊಂದ್ ಸಲ ಹತ್ತಿಸ್ರೀ,” ಎಂದಳು.