ಅವಳ ನೀಲಿ ಬ್ಲೇಜರು

ಹೊಟ್ಟೆಕಿಚ್ಚು ನನಗಿಲ್ಲ ಎಂದು ಹೇಳಿಕೊಂಡು ತಿರುಗುವವಳು ನಾನಲ್ಲ. ನನಗಿದೆ. ಮಳವಳ್ಳಿಯಲ್ಲಿ ಕರಾಟೆ ಕಲಿಸುವ ಒಬ್ಬ ಹೆಂಗಸಿನ ಮೇಲೆ ಇದೆ. ನಾನು ಮದ್ದೂರಿನಲ್ಲಿ ಅದೇ ಕರಾಟೆ ಕಲಿಸುತ್ತೇನೆ. ನಾವಿಬ್ಬರೂ ಮಂಡ್ಯದಲ್ಲಿ ಒಬ್ಬರೇ ಗುರುಗಳ ಹತ್ತಿರ ಕಲಿತವರು, ಒಂದೇ ಡಬ್ಬಿಯಲ್ಲಿ ಚಿತ್ರಾನ್ನ ತಿಂದವರು, ಒಂದೇ ದಿನ ಕಪ್ಪು ಬೆಲ್ಟು ಕಟ್ಟಿಕೊಂಡವರು. ಹೊಟ್ಟೆ ಉರಿಯಬೇಕಾದರೆ ಇಷ್ಟು ಹತ್ತಿರದವರೇ ಬೇಕು. ದೂರದವರು ಏನಾದರೂ ಆಗಿಹೋಗಲಿ, ನಮಗೇನು?

ನಮ್ಮ ಗುರುಗಳು ಕಲಿಸುತ್ತಿದ್ದುದು ಹಳೆಯ ಬೆಲ್ಲದ ಮಂಡಿಯಲ್ಲಿ. ವ್ಯಾಪಾರ ನಿಂತಿತ್ತು, ಅಂಟು ಹೋಗಿರಲಿಲ್ಲ. ಬರಿಗಾಲು ಎತ್ತಿದರೆ ನೆಲ ಬಿಡಲೊಲ್ಲದು. ನಟ್ಟನಡುವೆ ಸೂರಿಗೆ ಆನಿಸಿದ ಕಬ್ಬಿಣದ ಕಂಬ ಬೇರೆ. ಅಲ್ಲಿ ಕಲಿತದ್ದನ್ನೇ ಕಣ್ಣಿಗೆ ಒತ್ತಿಕೊಂಡು ನಾನು ನನ್ನ ಕ್ಲಾಸಿನ ಮಕ್ಕಳಿಗೆಲ್ಲ ಕಲಿಸಿದೆ.

ಆಗೆಲ್ಲ ಕರಾಟೆಯಲ್ಲಿ ಒಂದೊಂದು ಶೈಲಿಗೂ ಒಂದೊಂದು ಅಖಿಲ ಭಾರತ ಸಂಸ್ಥೆ. ನಮ್ಮ ಮದ್ದೂರಿನ ಟಯರ್ ಅಂಗಡಿಯ ಮಹಡಿಯಲ್ಲೇ ಒಬ್ಬ ರಾಷ್ಟ್ರೀಯ ಅಧ್ಯಕ್ಷರಿದ್ದರು. ಅವರೇ ಸ್ಪರ್ಧೆ ನಡೆಸುವುದು, ಅವರ ಮಕ್ಕಳೇ ಗೆಲ್ಲುವುದು, ಅವರೇ ರಾಷ್ಟ್ರಮಟ್ಟದ ಚಿನ್ನ ಕೊರಳಿಗೆ ಹಾಕುವುದು. ಊರು ದಾಟಿದರೆ ಆ ಚಿನ್ನವನ್ನು ಮೂಸುವವರಿರಲಿಲ್ಲ. ಆಮೇಲೆ ಮೇಲಿನವರೆಲ್ಲ ಸೇರಿ, ಜಗಳವಾಡಿ, ಒಡೆದು, ಮತ್ತೆ ಸೇರಿ, ಕಡೆಗೂ ದೇಶಕ್ಕೆಲ್ಲ ಒಂದೇ ಸಂಸ್ಥೆ, ಅದಕ್ಕೆ ರಾಜ್ಯ ಜಿಲ್ಲೆಗಳಲ್ಲಿ ಶಾಖೆ ಎಂದಾಯಿತು. ಇನ್ನು ಜಿಲ್ಲೆಯಲ್ಲಿ ಗೆದ್ದವಳು ರಾಜ್ಯಕ್ಕೆ, ರಾಜ್ಯದಲ್ಲಿ ಗೆದ್ದವಳು ದೇಶಕ್ಕೆ. ಆ ದಾರಿಯಲ್ಲಿ ನಮ್ಮ ಜಿಲ್ಲೆಯಿಂದ ಮೊದಲು ಹೋಗುವವಳು ನನ್ನ ಮಗಳಾಗಬೇಕು, ನನ್ನ ಕೈಯಲ್ಲೇ ಕಲಿತು ಹೋಗಬೇಕು. ನನಗೆ ಬೇಕಿದ್ದುದು ಇಷ್ಟೇ.

ಹೊಸ ಶಾಖೆಯ ಮೊದಲ ಸಭೆ ಮಂಡ್ಯದಲ್ಲಿ ನಡೆಯಿತು. ತೀರ್ಪುಗಾರರ ತರಬೇತಿಗೆ ದೆಹಲಿಗೆ ಒಬ್ಬರನ್ನು ಕಳಿಸಬೇಕಿತ್ತು. ಹಿಂದಿ ಯಾರಿಗೆ ಬರುತ್ತದೆ ಎಂದು ಕೇಳಿದರು. ಮಳವಳ್ಳಿಯವಳ ಗಂಡನಿಗೆ ಅಲ್ಲೇ ಹತ್ತಿರದ ಬ್ಲಫ್‌ನ ವಿದ್ಯುತ್ ಕೇಂದ್ರದಲ್ಲಿ ಕೆಲಸ. ಕ್ವಾರ್ಟರ್ಸಿನ ಪಕ್ಕದ ಮನೆಯವರು ಉತ್ತರದ ಕಡೆಯವರಾದ್ದರಿಂದ ಬಟ್ಟೆ ಒಣಹಾಕುತ್ತಲೇ ಹಿಂದಿ ಕಲಿತುಬಿಟ್ಟಿದ್ದಳು. ನನಗೆ ಬರುವ ಹಿಂದಿ, ಬಸ್ಸಿನಲ್ಲಿ ಗೆಜ್ಜಲಗೆರೆ ಫ್ಯಾಕ್ಟರಿಯ ಉತ್ತರದ ಹುಡುಗರಿಗೆ ಸರಿದು ನಿಲ್ಲಿ ಎನ್ನುವಷ್ಟು. ಅವಳೇ ಹೋದಳು.

ಬಂದಾಗ ಮೈಮೇಲೆ ನೀಲಿ ಬ್ಲೇಜರು, ಎದೆಯ ಮೇಲೆ ಸಂಸ್ಥೆಯ ಲಾಂಛನ. “ಬ್ಯಾಂಕಿನ ಸೆಕ್ಯೂರಿಟಿ ಇದ್ದಂಗವ್ಳೆ” ಎಂದು ಅವಳಿಗೆ ಕೇಳಿಸುವ ಹಾಗೆಯೇ ಹೇಳಿದೆ. ಅವಳು ನಕ್ಕಳು. ಅದು ಅವಳಿಗೆ ಚೆನ್ನಾಗಿ ಒಪ್ಪುತ್ತಿತ್ತು, ಸಂಕಟ ಅದೇ. ಮನೆಗೆ ಬಂದು ಕನ್ನಡಿಯ ಮುಂದೆ ಗಂಡನ ಮದುವೆಯ ಕೋಟು ಹಾಕಿ ನೋಡಿಕೊಂಡೆ. ನನಗೆ ಅವಳಿಗಿಂತ ಚೆನ್ನಾಗಿ ಒಪ್ಪುತ್ತದೆ ಅನ್ನಿಸಿತು. ಆಮೇಲೆ ಅವಳ ಫೋನು ಬಂದಾಗೆಲ್ಲ ಮೊಬೈಲನ್ನು ಮಗುಚಿಟ್ಟು, ಒಲೆಯ ಮೇಲೆ ಅನ್ನಕ್ಕೆ ನೀರಿಡುತ್ತಿದ್ದೆ.

ಜಿಲ್ಲಾ ಆಯ್ಕೆ ಬಂತು. ನನ್ನ ಮಗಳದು ಕಟಾ ವಿಭಾಗ. ಎದುರಿಗೆ ಯಾರೂ ಇಲ್ಲದೆ, ಇದ್ದಾರೆಂದುಕೊಂಡು ಗೊತ್ತಾದ ಕ್ರಮದಲ್ಲಿ ಹೊಡೆದು ತಡೆದು ತೋರಿಸುವುದು. ಫೈನಲ್ಲಿನಲ್ಲಿ ಮಂಡ್ಯದ ಹುಡುಗಿಯ ಸೊಂಟಕ್ಕೆ ನೀಲಿ ಪಟ್ಟಿ, ನನ್ನ ಮಗಳಿಗೆ ಕೆಂಪು. ಒಂದು ಮೂಲೆಯಲ್ಲಿ ತೀರ್ಪಿಗೆ ಕೆಂಪು ನೀಲಿ ಬಾವುಟ ಹಿಡಿದು ಇವಳು, ಬ್ಲೇಜರಿನವಳು, ಕುಳಿತಿದ್ದಳು. ಮಗಳು ಬೆಂಕಿಯ ಹಾಗೆ ಮಾಡಿದಳು. ನಡುವೆ ಎಡಕ್ಕೆ ಒಂದು ಅಡ್ಡಹೆಜ್ಜೆ ಇಟ್ಟು, ತಿರುಗಿ, ಒದ್ದಳು. ಬಾವುಟಗಳೆಲ್ಲ ಎದ್ದವು. ಎಲ್ಲವೂ ನೀಲಿ. ಇವಳದೂ ನೀಲಿ.

ನಾನು ನೆಟ್ಟಗೆ ಅವಳ ಹತ್ತಿರ ಹೋದೆ. “ಚಿತ್ರಾನ್ನ ತಿಂದ ಕೈನಾಗೆ ಬಾವುಟ ಎತ್ತುದ್ಯಲ್ಲೇ?”

“ಆ ಅಡ್ಡಹೆಜ್ಜೆ ಕಟಾದಲ್ಲಿ ಇಲ್ವೇ ಇಲ್ಲ ಕಣೇ,” ಎಂದಳು. “ಮಂಡೀಲಿ ಕಂಬ ಅಡ್ಡ ಇತ್ತಲ್ಲ, ಅದ್ಕೆ ಗುರುಗಳು ಸುತ್ತಾಕೊಂಡ್ ಓಗಿ ಅಂದಿದ್ರು. ನಾವು ಅದ್ನೇ ಕಟಾ ಅನ್ಕೊಂಡೊ. ನಂಗೂ ದೆಲ್ಲೀಲೇ ಗೊತ್ತಾಗಿದ್ದು. ಎಲ್ರ ಮುಂದೆ ನಾನೂ ಅಂಗೇ ಮಾಡಿ ನಗೆಪಾಟಲಾದೆ.”

“ಮೊದ್ಲೇ ಏಳ್ಬಾರ್ದಾಗಿತ್ತಾ?”

“ಏಳಾನ ಅಂತ ಫೋನ್ ಮೇಲೆ ಫೋನ್ ಮಾಡ್ದೆ. ಎತ್ತುದ್ಯಾ ನೀನು?”

ಅವಳ ಮೇಲಿನ ಸಿಟ್ಟು ಕಡಿಮೆಯಾಯಿತೇ ಎಂದರೆ, ಇಲ್ಲ. ಸರಿಯಾಗಿರುವವಳ ಮೇಲೆ ಬರುವ ಸಿಟ್ಟು ಇನ್ನೂ ಕೆಟ್ಟದ್ದು.

ಸ್ಕೂಟರಿನಲ್ಲಿ ಮದ್ದೂರಿಗೆ ಬರುತ್ತಿದ್ದಾಗ ಮಗಳು ಹಿಂದಿನಿಂದ ಹೇಳಿದಳು: “ಅಮ್ಮ, ನಾನು ಮಳವಳ್ಳಿ ಆಂಟಿ ತಾವ ಕಲಿಯಾಕೆ ಓಯ್ತೀನಿ.” ಗಾಳಿಗೆ ಕೇಳಿಸಲಿಲ್ಲ ಎಂಬಂತೆ ಸ್ಕೂಟರಿನ ವೇಗ ಹೆಚ್ಚಿಸಿದೆ. ಅವಳು ಬಿಡದೆ ಕಿವಿಯ ಹತ್ತಿರ ಬಂದು ಮತ್ತೆ ಹೇಳಿದಳು. ಮುಂದಿನ ವರ್ಷವಾದರೂ ಆಯ್ಕೆಯಾಗಬೇಕಲ್ಲ. ಹೂಂ ಎಂದೆ. ಎನ್ನುವಾಗ ಎದೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಯಿತು.

ಭಾನುವಾರ ನಾನೇ ಮಳವಳ್ಳಿಗೆ ಕರೆದುಕೊಂಡು ಹೋದೆ. ಒಳಗೆ ಬಾ ಎಂದು ಅವಳು ಕರೆದಳು, ಬಿಸಿಲು ಕಾಯಬೇಕು ಎಂದು ಹೊರಗೆ ಮೆಟ್ಟಿಲ ಮೇಲೆ ಕುಳಿತೆ. ಏಟಿನ ಜೊತೆ ಹೊಟ್ಟೆಯಿಂದ ಕೂಗು ಬರಬೇಕೆಂದು ನಾನು ಕ್ಲಾಸಿನಲ್ಲಿ ಬಾಯಿ ನೋಯುವಷ್ಟು ಹೇಳುತ್ತೇನೆ. ನಮ್ಮ ಮಕ್ಕಳ ಕೂಗು ಗಂಟಲು ದಾಟಿ ಕೆಳಗೆ ಇಳಿದದ್ದಿಲ್ಲ. ಇಲ್ಲಿ ಒಳಗಿನಿಂದ ಒಂದು ಹುಡುಗಿಯ ಕೂಗು ಬಂತು, ಬಾಗಿಲ ಚಿಲಕ ಅಲ್ಲಾಡುವ ಹಾಗೆ. ಎಂಥ ಮಗುವನ್ನು ತಯಾರು ಮಾಡಿದ್ದಾಳೆ ಇವಳು ಎಂದು ಮೈಯೆಲ್ಲ ಉರಿದುಹೋಯಿತು. ತಡೆಯಲಾರದೆ ಎದ್ದು ಕಿಟಕಿಯಲ್ಲಿ ಇಣುಕಿದೆ. ಕೂಗಿದ್ದು ನನ್ನ ಮಗಳೇ.